ಹಸಿರು ಗೋಡೆಯ ನಂಬರು

ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಗೋಡೆಗೆ ಬರೆಯಬೇಕು. ಇದು ಸಾಲ ಕೊಡುವ ಕಂಪನಿಯ ಕಾನೂನು. ಯಾವ ಪುಸ್ತಕದಲ್ಲೂ ಇಲ್ಲ, ವಸೂಲಿಯ ಮಹೇಂದ್ರನ ಬಾಯಲ್ಲಿ ಮಾತ್ರ ಇದೆ. ಮನೆಯವರು ಇದ್ದರೆ ಅಳುತ್ತಾರೆ, ಕಾಲು ಹಿಡಿಯುತ್ತಾರೆ, ಹೆಂಗಸರಾದರೆ ಮಣ್ಣು ತೂರಿ ಶಾಪ ಹಾಕುತ್ತಾರೆ. ಕೆಲಸ ಕೆಡುತ್ತದೆ.

ದೊಡ್ಡಲಕ್ಷ್ಮಮ್ಮನ ಮನೆ ಆವತ್ತು ಖಾಲಿ ಇತ್ತು. ಆ ಮನೆಗೆ ಉಳಿದವಳು ಅವಳೊಬ್ಬಳೇ. ಅವಳು ಮೊದಲ ಬಸ್ಸಿಗೆ ರಾಮನಗರಕ್ಕೆ ರೇಷ್ಮೆ ನೂಲು ಬಿಚ್ಚುವ ಕೂಲಿಗೆ ಹೋಗಿದ್ದಳು. ಮಾಗಡಿ ರಸ್ತೆಯಿಂದ ಒಳಕ್ಕೆ ಬಂದು, ಊರು ದಾಟಿ, ಊರಿನ ಕೊಚ್ಚೆಯೆಲ್ಲ ಬಂದು ನಿಲ್ಲುವ ಹಳ್ಳವನ್ನೂ ದಾಟಿದರೆ ಕಾಲೋನಿ. ಕಾಲೋನಿಯ ಕೊನೆಗೆ ಎರಡು ಕೋಣೆಯ ತಾರಸಿ ಮನೆ. ಗೋಡೆಗೆ ಎಳೆ ಹಸಿರು ಬಣ್ಣ. ಬಾಗಿಲ ಮುಂದೆ ಸಾರಿಸಿ ಹಾಕಿದ ರಂಗೋಲಿ.

ಗೋಡೆ ಬರೆಯುವ ಲಕ್ಷ್ಮಯ್ಯ ಆ ರಂಗೋಲಿ ತುಳಿಯದ ಹಾಗೆ ಏಣಿ ನಿಲ್ಲಿಸಿದ. ಅಷ್ಟು ಮರ್ಯಾದೆ ಅವನಲ್ಲಿ ಇನ್ನೂ ಉಳಿದಿತ್ತು. ಆಮೇಲೆ ದಾರಕ್ಕೆ ಸುಣ್ಣ ಸವರಿ ಗೆರೆ ಹೊಡೆದ. ಕೆಂಪು ಇನಾಮಲ್ ಡಬ್ಬಿಯ ಮುಚ್ಚಳ ಕಿತ್ತ. ಬರೆದ.

'ಈ ಮನೆ ಅಡಮಾನದಲ್ಲಿದೆ. ಸಾಲಗಾರರು ಕಂತು ಕಟ್ಟಿಲ್ಲ. ಯಾರೂ ಕೊಳ್ಳಬಾರದು, ಬಾಡಿಗೆಗೆ ಬರಬಾರದು.'

ಒಂದೊಂದು ಅಕ್ಷರ ಒಂದೊಂದು ಗೇಣು. ಹಳ್ಳದ ಆಚೆ ದಡದಲ್ಲಿ ನಿಂತವನಿಗೂ ಕಾಣಬೇಕು. ಊರಿನವರು ಓದಬೇಕು, ನೆಂಟರು ಓದಬೇಕು, ಬಸ್ಸಿನಿಂದ ಇಳಿದ ಗುರುತಿಲ್ಲದವನೂ ಓದಿ, ಒಂದು ಸಲ ಆ ಮನೆಯ ಬಾಗಿಲ ಕಡೆ ನೋಡಬೇಕು. ಬಾಕಿ ವಸೂಲಿಗೆ ನೋಟಿಸು ಸಾಲದೇ? ಸಾಲುತ್ತದೆ. ಆದರೆ ನೋಟಿಸಿಗೆ ಮಾನ ತೆಗೆಯುವ ಶಕ್ತಿ ಇಲ್ಲ.

ಬರೆಯುತ್ತಿರುವಾಗ ಪಕ್ಕದ ಕಿಟಕಿಯ ಬಾಗಿಲು ಗಾಳಿಗೆ ತೆರೆದುಕೊಂಡಿತು. ಚಿಲಕ ಮುರಿದಿತ್ತು. ಹೂವಿನ ನಮೂನೆಯ ಕಬ್ಬಿಣದ ಗ್ರಿಲ್, ಅದರೊಳಗೆ ಕತ್ತಲೆ ಕೋಣೆ. ಎದುರು ಗೋಡೆಯ ಮೊಳೆಯಲ್ಲಿ ಒಂದು ಹುಡುಗಿಯ ಫೋಟೊ. ನಗುತ್ತಿದ್ದಾಳೆ. ಕೊರಳಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯ ಗುರುತಿನ ಪಟ್ಟಿ, ಫೋಟೊದ ಮೇಲೆ ಪ್ಲಾಸ್ಟಿಕ್ ಹಾರ. ಲಕ್ಷ್ಮಯ್ಯ ಕಿಟಕಿ ಬಾಗಿಲನ್ನು ದೂಡಿ ಮುಚ್ಚಿದ. ಅದು ಮತ್ತೆ ತೆರೆದುಕೊಂಡಿತು. ಆ ಕಡೆ ನೋಡದೆ ಬರೆದು ಮುಗಿಸಿದ.

"ಬೇಗ ಮುಗ್ಸ್ಲಾ ಲಕ್ಷ್ಮಯ್ಯ. ಇನ್ನೂ ಗೋಡೆಗಳವೆ," ಮಹೇಂದ್ರ ಬೈಕಿನ ಮೇಲೆ ಕೂತೇ ಕೂಗಿದ. ಲಕ್ಷ್ಮಯ್ಯನ ಮಗನಾಗುವ ವಯಸ್ಸು ಅವನದು. 'ಲಾ' ಅನ್ನುವುದಕ್ಕೆ ವಯಸ್ಸು ಬೇಕಿಲ್ಲ. ಹುಟ್ಟಿದ ಬೀದಿ ಸಾಕು.

"ಆಯ್ತು ಸಾರ್," ಅಂದ ಲಕ್ಷ್ಮಯ್ಯ. ಏಣಿಯಿಂದ ಇಳಿದು, ಸಣ್ಣ ಬ್ರಶ್ಶು ತೆಗೆದುಕೊಂಡು, ಗೋಡೆಯ ಬಲಗಡೆ ಕೆಳಮೂಲೆಯಲ್ಲಿ 'ಲಕ್ಷ್ಮಿ ಆರ್ಟ್ಸ್' ಅಂತ ಬರೆದ. ಅದರ ಕೆಳಗೆ ತನ್ನ ಫೋನ್ ನಂಬರು ಬರೆದ.

ಅದು ಕೈಯ ಅಭ್ಯಾಸ. ಚನ್ನಪಟ್ಟಣದ ಸಾಬೀರಣ್ಣ ಬ್ರಶ್ಶು ಹಿಡಿಯುವುದು ಕಲಿಸಿದಾಗಲೇ ಇದನ್ನೂ ಕಲಿಸಿದ್ದ. "ಹೆಸ್ರು ಹಾಕ್ದೆ ಏಣಿ ಎತ್ಬೇಡ ಕಣ್ಲಾ. ಹೆಸ್ರಿಲ್ದಿದ್ರೆ ಮುಂದಿನ ಕೆಲ್ಸ ಎಂಗ್ ಬತ್ತದೆ?" ಅಂದಿದ್ದ. ಸಿಮೆಂಟು, ಗೊಬ್ಬರ, ಬನಿಯನ್ನು, ಚುನಾವಣೆ, ಹೀಗೆ ನಾಲ್ಕು ತಾಲೂಕಿನ ಗೋಡೆಗಳ ಮೇಲೆ ಲಕ್ಷ್ಮಯ್ಯನ ಹೆಸರಿತ್ತು. ಕನಕಪುರದಿಂದ ಮಾಗಡಿವರೆಗೆ ಬಸ್ಸಿನಲ್ಲಿ ಹೋದರೆ ಕಿಟಕಿಯಲ್ಲಿ ತನ್ನದೇ ಅಕ್ಷರ ನೋಡಿಕೊಂಡು ಹೋಗಬಹುದಿತ್ತು. ಆಮೇಲೆ ಫ್ಲೆಕ್ಸ್ ಬಂತು. ಮಿಷನ್ನು ಒಂದು ಗಳಿಗೆಯಲ್ಲಿ ಉಗುಳುವುದನ್ನು ಲಕ್ಷ್ಮಯ್ಯ ಎರಡು ದಿನ ಬರೆಯಬೇಕು. ಯಾರು ಕರೆಯುತ್ತಾರೆ? ಬ್ರಶ್ಶುಗಳು ಒಣಗಿ ಕಡ್ಡಿಯಾದವು.

ಕೆಲಸ ಇದ್ದ ಕಾಲದಲ್ಲಿ, ಮನೆಗೆ ತಾರಸಿ ಹಾಕಿಸಲು ಇದೇ ಕಂಪನಿಯಲ್ಲಿ ಸಾಲ ಮಾಡಿದ್ದ. ಕಂತು ನಿಂತಾಗ ಮಹೇಂದ್ರ ಬಂದ. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ನೀನು ಗೋಡೆ ಬರಿ. ಕೂಲೀನ ನಿನ್ನ ಕಂತಿಗೇ ಮುರ್ಕೋತೀವಿ. ಕಂಪ್ನಿ ನಿಂಗೆ ಮಾಡೋ ಸಹಾಯ ಅಂತ ತಿಳ್ಕೊ," ಅಂದ. ಆಫೀಸಿನ ಬೋರ್ಡಿನಲ್ಲಿ ಅದಕ್ಕೆ 'ಗ್ರಾಹಕರಿಗೆ ನೆರವು' ಅಂತ ಹೆಸರಿದೆ. ನಿನ್ನ ಮನೆ ಉಳಿಯಬೇಕಾದರೆ ನಿನ್ನಂಥವರ ಮನೆಗೆ ಮಸಿ ಬಳಿ. ಇದು ನೆರವು.

ಲಕ್ಷ್ಮಯ್ಯ ಒಪ್ಪಿಕೊಂಡ. ಹೆಂಡತಿ ಸಾಕಮ್ಮ ಎರಡು ದಿನ ಮಾತು ಬಿಟ್ಟಳು. ಆದರೆ ತಾರಸಿ ಅವಳ ತಲೆಯ ಮೇಲೂ ಇತ್ತು. ಮೂರನೆಯ ದಿನ ಅನ್ನ ಬಡಿಸಿದಳು.

ಹಸಿರು ಗೋಡೆಗೆ ಬರೆದ ಮಾರನೆಯ ದಿನ ಅವನ ಫೋನು ಹೊಡೆದುಕೊಂಡಿತು.

"ಕಂಪ್ನಿಯೋರಾ ಬುದ್ಧೀ?"

ಹೆಂಗಸಿನ ದನಿ. ವಯಸ್ಸಾದದ್ದು. ಹಿಂದೆ ಚರಕ ತಿರುಗುವ ಸದ್ದು.

"ಯಾರು?"

"ನಾನು ದೊಡ್ಡಲಕ್ಷ್ಮಮ್ಮ ಬುದ್ಧಿ. ಹಳ್ಳದ ತಾವ್ಲ ಹಸ್ರು ಗೋಡೆ ಮನೆಯೋಳು. ನಂಗೆ ಓದಾಕ್ ಬರಾಕಿಲ್ಲ. ಪಕ್ಕದೋರು ಓದಿ ಯೋಳುದ್ರು. ಅಂಕಿ ಒಂದು ಗೊತ್ತು, ಅದ್ಕೇ ಕೆಳಗಿದ್ದ ನಂಬರ್ನ ಚೀಟೀಲಿ ಇಳುಸ್ಕಂಡ್ ಬಂದು ಒತ್ತುದೆ. ತೆಪ್ಪಾಯ್ತಾ?"

ಗೋಡೆ ತುಂಬ ಅವಳನ್ನು ಅವಮಾನಿಸುವ ಅಕ್ಷರ. ಅಷ್ಟರಲ್ಲಿ ಅವಳಿಗೆ ಗುರುತು ಸಿಕ್ಕಿದ್ದು ಆ ಹತ್ತು ಅಂಕಿ. ಬರೆಸಿದವರ ನಂಬರೇ ಇರಬೇಕು ಅಂತ ಅವಳು ತಿಳಿದಿದ್ದಳು. ಬೇರೆ ಯಾರ ನಂಬರನ್ನು ತಾನೇ ಅಲ್ಲಿ ಬರೆಯುತ್ತಾರೆ?

"ನನ್ ಮಗ್ಳು ಜ್ಯೋತಿಲಕ್ಷ್ಮಿ ಕಟ್ಟುಸ್ದ ಮನೆ ಬುದ್ಧಿ. ಗಾರ್ಮೆಂಟ್ಸ್‌ಗೆ ಓಯ್ತಿದ್ಲು, ಒಂದ್ ಕಂತೂ ತಪ್ಪುಸ್ತಿರ್ಲಿಲ್ಲ. ಕಿಡ್ನಿ ಓಯ್ತು. ಆಸ್ಪತ್ರೆಗೆ ಕಟ್ಟದೋ ಕಂತು ಕಟ್ಟದೋ? ಕೊನೆಗೆ ಅವ್ಳೂ ಓದ್ಲು. ಕರೆಂಟ್ನೂ ಕಿತ್ತಾಕವ್ರೆ. ಫ್ರೀ ಕರೆಂಟು ಅವ್ಳ ಹೆಸ್ರಲ್ಲಿತ್ತಂತೆ, ಸತ್ತೋರಿಗೆ ಫ್ರೀ ಇಲ್ವಂತೆ. ಓಗ್ಲಿ, ಬುಡ್ಡಿ ಹಚ್ಕತೀನಿ. ಮನೆ ಒಂದ್ಕೆ ಒಸಿ ಟೈಮ್ ಕೊಡಿ ಬುದ್ಧಿ. ನಾನಿನ್ನೂ ಕೂಲಿ ಮಾಡ್ತಿವ್ನಿ."

ನಾನು ಕಂಪನಿಯವನಲ್ಲ, ಗೋಡೆಗೆ ಬರೆದವನು ಅಂತ ಹೇಳಬೇಕಿತ್ತು. ಲಕ್ಷ್ಮಯ್ಯ ಹೇಳಲಿಲ್ಲ. ಹೇಳಿದರೆ ಅವಳು ಏನು ಕೇಳುತ್ತಾಳೆ? ನನ್ನ ಗೋಡೆಗೆ ನೀನು ಯಾಕೆ ಬರೆದೆ ಅಂತ ಕೇಳುತ್ತಾಳೆ. ಇನ್ನೊಂದು ಮಾತೂ ಉಂಟು. ಲಕ್ಷ್ಮಯ್ಯ ಹುಟ್ಟಿದಾಗಿನಿಂದ ಎಲ್ಲರ ಹತ್ತಿರ ಟೈಮು ಕೇಳಿಕೊಂಡೇ ಬಂದವನು. ಅವನ ಹತ್ತಿರ ಯಾರೂ ಕೇಳಿರಲಿಲ್ಲ.

"ಆಗ್ಲಿ ಕಣಮ್ಮ," ಅಂದ. "ಟೈಮ್ ಐತೆ. ಯೋಚ್ನೆ ಮಾಡ್ಬೇಡ."

"ನಿಮ್ ಹೊಟ್ಟೆ ತಣ್ಣಗಿರ್ಲಿ ನನ್ನಪ್ಪಾ," ಅಂದು ಆ ಕಡೆ ದನಿ ಅತ್ತಿತು.

ಸಾಕಮ್ಮ ಒಲೆಯ ಮುಂದೆ ಎಲ್ಲ ಕೇಳಿಸಿಕೊಂಡಿದ್ದಳು. "ನಿನ್ ತಾವ ಎಲ್ಲೈತಯ್ಯ ಟೈಮು, ಕೊಡಾಕೆ? ಪಾಪ, ಯಾವ ತಾಯೋ. ದಿಟ ಯೋಳ್ಬುಡು."

"ನಾಳೆ ಯೋಳ್ತೀನಿ," ಅಂದ.

ನಾಳೆ ಹೇಳಲಿಲ್ಲ. ಬೇರೆ ಗೋಡೆಗಳ ಮನೆಯವರೂ ಫೋನು ಮಾಡುತ್ತಿದ್ದರು. ಅವರಿಗೆಲ್ಲ ರಾಂಗ್ ನಂಬರ್ ಅಂದು ಇಡುತ್ತಿದ್ದ. ಇವಳಿಗೆ ಮಾತ್ರ ಅನ್ನಲಾಗಲಿಲ್ಲ. ಅವಳ ನಂಬರನ್ನು 'ಹಸಿರು ಗೋಡೆ' ಅಂತ ಫೋನಿನಲ್ಲಿ ಇಟ್ಟುಕೊಂಡ.

ಮಧ್ಯಾಹ್ನ ನೂಲು ಬಿಚ್ಚುವವರಿಗೆ ಊಟಕ್ಕೆ ಬಿಡುತ್ತಾರೆ. ಆ ಹೊತ್ತಿಗೆ ಅವಳ ಫೋನು ಬರುವುದು ರೂಢಿಯಾಯಿತು. "ಟೈಮ್ ಐತಲ್ವಾ?" ಅಂತ ಒಂದು ಸಲ ಕೇಳಿ ಖಾತ್ರಿ ಮಾಡಿಕೊಳ್ಳುವಳು. ಆಮೇಲೆ ಬೇರೆ ಮಾತು. ಕೆಲಸದ ಯಜಮಾನ ವಾಸಿಂ ಒಳ್ಳೆಯವನು, ಆದರೆ ರೇಷ್ಮೆಗೂಡಿನ ರೇಟು ಏರಿದಾಗ ಅವನ ಬಾಯಿ ಕೆಟ್ಟದಾಗುತ್ತದೆ. ಗೂಡು ಕುದಿಯುವ ನೀರಿನ ಬೇಸಿನ್ನಿನಲ್ಲಿ ದಿನವಿಡೀ ಅದ್ದಿ ಬೆರಳಿನ ಸಂದು ಬಿರಿದಿದೆ. ರಾತ್ರಿ ಮುದ್ದೆ ಮುರಿದರೆ ಸಾರಿನ ಖಾರ ಒಳಗಿಳಿಯುತ್ತದೆ. ಹುಳದ ನಾತಕ್ಕೆ ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಹೋಗುತ್ತಾರೆ. "ಇಡೀ ಸೀಟು ನಂಗೇ ಸಿಕ್ತದೆ," ಅಂದು ನಗುವಳು. ಅವಳ ಬಾಯಲ್ಲಿ 'ಬುದ್ಧಿ' ಹೋಗಿ 'ಅಪ್ಪಾ' ಆಯಿತು. ಅಪ್ಪಾ ಹೋಗಿ 'ಮಗಾ' ಆಯಿತು. ಇಡುವ ಮುಂಚೆ ತಪ್ಪದೆ ಕೇಳುವಳು: "ಊಟ ಆಯ್ತಾ ಮಗಾ?"

ಆಗದಿದ್ದರೂ ಆಯಿತು ಅನ್ನುತ್ತಿದ್ದ.

ಒಂದು ದಿನ ಮಹೇಂದ್ರ ಅವನನ್ನು ಕನಕಪುರ ದಾಟಿಸಿ ಉಯ್ಯಂಬಳ್ಳಿ ಕಡೆಗೆ ಕರೆದುಕೊಂಡು ಹೋದ. ಅಲ್ಲಿ ಅಶ್ವಥ್ ಅನ್ನುವವರ ಮನೆ. ಮಾಳಿಗೆ ಮೇಲೆ ಮಾಳಿಗೆ, ಹಿಂದೆ ತೆಂಗಿನ ತೋಟ, ಮುಂದೆ ಎರಡು ಕಾರು. ಕಾಲೋನಿಯ ಮನೆಗಳ ಬಾಕಿಯನ್ನೆಲ್ಲ ಒಟ್ಟುಗೂಡಿಸಿದರೂ ಅವರ ಬಾಕಿಯೇ ಹೆಚ್ಚು ಅಂತ ಮಹೇಂದ್ರನೇ ದಾರಿಯಲ್ಲಿ ಹೇಳಿದ್ದ. ಲಕ್ಷ್ಮಯ್ಯ ಏಣಿ ಇಳಿಸಿ, ಉದ್ದನೆಯ ಬಿಳಿ ಕಾಂಪೌಂಡ್ ಗೋಡೆಯನ್ನು ಕಣ್ಣಲ್ಲೇ ಅಳೆದ. ಒಳ್ಳೆಯ ಗೋಡೆ. ಅಕ್ಷರ ಕೂರುವ ಗೋಡೆ.

ಮಹೇಂದ್ರ ಒಳಗೆ ಹೋದ. ಕಾಫಿ ಕುಡಿದ. ನಗು ಕೇಳಿಸಿತು. ಲಕ್ಷ್ಮಯ್ಯ ಗೇಟಿನ ಹೊರಗೆ ಬಿಸಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ. ಆ ಮನೆಯ ಹೆಂಗಸು ಶಿವಲಿಂಗಮ್ಮ ಬಂದು ಗೇಟಿನ ಸಂದಿಯಿಂದ ನೀರು ಕೊಟ್ಟಳು. ಪೇಪರ್ ಲೋಟದಲ್ಲಿ. "ಕುಡ್ದು ಅಲ್ಲೇ ಮೋರಿಗೆ ಎಸೆದ್ಬುಡಪ್ಪ," ಅಂದಳು. ಮೆತ್ತಗೆ, ಪ್ರೀತಿಯಿಂದಲೇ ಅಂದಳು.

ಮಹೇಂದ್ರ ಬಾಯೊರೆಸಿಕೊಂಡು ಹೊರಗೆ ಬಂದ. "ಏಣಿ ಕಟ್ಕೊ. ಓಗನ."

"ಗೋಡೆ ಸಾರ್?"

"ನಿಂಗೇನ್ ತಲೆ ಕೆಟ್ಟೈತೇನ್ಲಾ? ಈ ಗೋಡೆಗೆ ಬರುದ್ರೆ ನಮ್ ಬೈಕು ವಾಪಸ್ ಬತ್ತದಾ? ಇವ್ರಿಗೆ ನೋಟಿಸ್ನ ಕೊರಿಯರ್‌ನಲ್ಲಿ ಕಳುಸ್ತೀವಿ."

ಕೊರಿಯರ್. ಮುಚ್ಚಿದ ಕವರು. ಅದನ್ನು ಅಶ್ವಥ್ ಒಬ್ಬನೇ ಓದುತ್ತಾನೆ, ಓದಿ ಟೇಬಲ್ಲಿನ ಮೇಲೆ ಎಸೆಯುತ್ತಾನೆ. ದೊಡ್ಡಲಕ್ಷ್ಮಮ್ಮನ ಬಾಕಿಯನ್ನು ಅವಳೊಬ್ಬಳನ್ನು ಬಿಟ್ಟು ಲೋಕವೆಲ್ಲ ಓದಬಹುದು. ಹೊರಡುವಾಗ ಲಕ್ಷ್ಮಯ್ಯ ಆ ಬಿಳಿ ಗೋಡೆಯನ್ನು ತಿರುಗಿ ತಿರುಗಿ ನೋಡಿದ. ಏಣಿಯನ್ನು ಹೆಗಲಿಗೆ ಸಿಕ್ಕಿಸಿಕೊಂಡು ಬೈಕಿನ ಹಿಂದೆ ಕೂತಿದ್ದ.

ಆಮೇಲೆ ನೆರವಿನ ಶಿಬಿರ ಬಂತು. ಬೆಂಗಳೂರಿನ ಯಾವುದೋ ಟ್ರಸ್ಟಿನವರದು. ಚನ್ನಪಟ್ಟಣದ ಕಲ್ಯಾಣ ಮಂಟಪದಲ್ಲಿ ಒಂದೇ ದಿನ. ಗಂಡಸಿನ ಆಸರೆ ಇಲ್ಲದ ಹೆಂಗಸರು ಬಂದು ಕೂತರೆ ಮನೆ ಸಾಲದ ಬಾಕಿ ಕಂತು, ಕರೆಂಟು ಬಿಲ್ಲಿನ ಬಾಕಿ ಎರಡನ್ನೂ ಅವರೇ ಕಟ್ಟುತ್ತಾರೆ. ಬಸ್‌ಸ್ಟ್ಯಾಂಡಿನ ಗೋಡೆಗೆ ಅದನ್ನು ಬರೆದವನೂ ಲಕ್ಷ್ಮಯ್ಯನೇ. ಬರೆಯುವಾಗ ಮನಸ್ಸಿನಲ್ಲಿ ಹಸಿರು ಗೋಡೆ ಇತ್ತು. ಮಧ್ಯಾಹ್ನ ಅವಳ ಫೋನು ಬಂದಾಗ ಹೇಳಬೇಕು ಅಂದುಕೊಂಡ.

ಮಧ್ಯಾಹ್ನ ಅವನು ರಾಮನಗರದಲ್ಲಿ ಇನ್ನೊಂದು ಮನೆಯ ಗೋಡೆಯ ಮೇಲಿದ್ದ. ಏಣಿಯ ಬುಡದಲ್ಲಿ ಮಹೇಂದ್ರ ಟೀ ಕುಡಿಯುತ್ತ ನಿಂತಿದ್ದ. ಟೀ ಕುಡಿಯುತ್ತ ಹೇಳುತ್ತಿದ್ದ.

"ಟ್ರಸ್ಟಿನೋರು ಬಂದು ಕೆಲ್ಸ ಕೆಡುಸ್ತಾವ್ರೆ ಕಣ್ಲಾ. ಆ ಹಳ್ಳದ ಮನೆ ಐತಲ್ಲ, ಅದ್ರ ಪಕ್ಕದಲ್ಲೇ ಹೊಸ ರೋಡು ಬತ್ತದಂತೆ. ಸೈಟಿಗೆ ಚಿನ್ನದ ರೇಟು. ಆ ಮುದುಕಿ ಕಂತು ಕಟ್ದೆ ಇದ್ರೇನೇ ಕಂಪ್ನಿಗೆ ಲಾಭ."

ಆಗ ಫೋನು ಹೊಡೆದುಕೊಂಡಿತು. ಹಸಿರು ಗೋಡೆ.

"ಮಗಾ, ನಾಳೆ ಚನ್ನಪಟ್ಣದಾಗೆ ನೆರವು ಕೊಡ್ತಾರಂತಲ್ಲ? ವಾಸಿಂ ಸಾಹೇಬ್ರು ಯೋಳುದ್ರು. ಒಂದಿನದ ಕೂಲಿ ಓಯ್ತದೆ. ನೀನೆಂಗೂ ಟೈಮ್ ಕೊಟ್ಟಿದ್ದೀಯ. ಓಗ್ಬೇಕಾ? ಓಗ್ದಿದ್ರೂ ನಡೀತದಾ?"

"ಯಾರ್ಲಾ ಅದು?" ಕೆಳಗಿನಿಂದ ಮಹೇಂದ್ರ ಕತ್ತೆತ್ತಿ ಕೇಳಿದ.

"ಮನೆಯೋಳು ಸಾರ್."

"ಮಗಾ, ಕೇಳುಸ್ತಾ? ಓಗ್ಲಾ?"

ಹೋಗು ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಹೋಗು. ಎರಡಕ್ಷರ. ನಾಲ್ಕು ತಾಲೂಕಿನ ಗೋಡೆಗೆಲ್ಲ ಅಕ್ಷರ ಬರೆದವನಿಗೆ ಆ ಎರಡಕ್ಷರ ಬರಲಿಲ್ಲ. ಎಲ್ಲಿಗೆ ಹೋಗು ಅಂದೆ ಅಂತ ಮಹೇಂದ್ರ ಕೇಳಿದರೆ? ಯಾರಿಗೆ ಅಂದೆ ಅಂದರೆ? ಕೆಳಗೆ ನಿಂತವನ ಕೈಯಲ್ಲಿ ಲಕ್ಷ್ಮಯ್ಯನ ಮನೆ ಇತ್ತು.

"ಬ್ಯಾಡ ಬ್ಯಾಡ, ಟೈಮ್ ಐತೆ, ಮಡಗು," ಅಂದ. ಇಟ್ಟ.

ಸಂಜೆ ಮಾಡಿ ಹೇಳೋಣ ಅಂದುಕೊಂಡ. ಸಂಜೆ ಮಾಡಿದಾಗ ಅವಳ ಫೋನು ಸ್ವಿಚ್ ಆಫ್. ಕರೆಂಟಿಲ್ಲದ ಮನೆಯವಳು ಫೋನನ್ನು ವಾಸಿಮನ ಶೆಡ್ಡಿನಲ್ಲಿ ಚಾರ್ಜಿಗೆ ಹಾಕುತ್ತಿದ್ದಳು, ಅಲ್ಲಿಂದ ಬಂದ ಮೇಲೆ ಉಳಿಸಲು ಆಫ್ ಮಾಡುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಅವಳೇ ಹೇಳಿದ್ದಳು. ಮಾರನೆಯ ಬೆಳಿಗ್ಗೆ ಮಹೇಂದ್ರ ಅವನನ್ನು ಕನಕಪುರಕ್ಕೆ ಹತ್ತಿಸಿಕೊಂಡು ಹೋದ. ಊಟದ ಹೊತ್ತಿಗೆ ಓಡಿ ಹೋಗಿ ಮರೆಯಲ್ಲಿ ನಿಂತು ಫೋನು ಮಾಡಿದ. ಹೊಡೆದುಕೊಂಡಿತು, ಎತ್ತಲಿಲ್ಲ. ಕೈ ಬೇಸಿನ್ನಿನಲ್ಲಿದ್ದರೆ ಎತ್ತುವುದು ಹೇಗೆ? ಅವಳು ತಿರುಗಿ ಮಾಡಿದಾಗ ಶಿಬಿರ ಮುಗಿದಿತ್ತು.

"ಫೋನ್ ಮಾಡಿದ್ದಾ ಮಗಾ? ಊಟ ಆಯ್ತಾ?"

"ಆಯ್ತು," ಅಂದ.

ಆ ವಾರ ಕಳೆದು ಒಂದು ಬೆಳಿಗ್ಗೆ ಮಹೇಂದ್ರನೇ ಸುದ್ದಿ ಹೇಳಿದ. "ಹಳ್ಳದ ಮನೆ ಸೀಲಾಯ್ತು. ಹಳೇದ್ನ ಅಳಿಸು. 'ಈ ಮನೆ ಕಂಪನಿಯ ವಶದಲ್ಲಿದೆ' ಅಂತ ಬರಿ. ದಪ್ಪಗೆ ಬರಿ."

ಬೀಗವನ್ನೂ ಖಾಲಿ ಹೊತ್ತು ನೋಡಿಯೇ ಹಾಕಿದ್ದರು. ಮುದುಕಿ ಬೆಳಿಗ್ಗೆ ಬಾಗಿಲು ಎಳೆದುಕೊಂಡು, ಬುತ್ತಿ ಹಿಡಿದು ಕೂಲಿಗೆ ಹೋಗಿದ್ದಾಳೆ. ಹಿಂದೆಯೇ ಜೀಪು ಬಂದಿದೆ. ಪಕ್ಕದ ಮನೆಯವರು ಫೋನು ಮಾಡಿದ ಮೇಲೆ ಅವಳು ಓಡಿ ಬಂದಳು. ಲಕ್ಷ್ಮಯ್ಯ ಏಣಿ ಹೊತ್ತು ಹೋಗುವಷ್ಟರಲ್ಲಿ ಜಗಲಿಯ ಮೇಲೆ ಕೂತಿದ್ದಳು.

ಅವಳನ್ನು ಅವನು ನೋಡಿದ್ದು ಅದೇ ಮೊದಲು. ಕುಳ್ಳು ಹೆಂಗಸು. ನೀರಲ್ಲಿ ನೆಂದು ಬಿಳಿಚಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಬಿಚ್ಚದ ಬುತ್ತಿ. ಹಿಂದೆ ಬಾಗಿಲಿಗೆ ದಪ್ಪ ಬೀಗ, ಬಟ್ಟೆ, ಅರಗು. ಕಾಲೋನಿಯ ಹೆಂಗಸರು ದೂರದಲ್ಲಿ ಗುಂಪಾಗಿ ನಿಂತಿದ್ದರು. ಮಹೇಂದ್ರ ಬೈಕಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ.

ದೊ‍ಡ್ಡಲಕ್ಷ್ಮಮ್ಮ ಲಕ್ಷ್ಮಯ್ಯನನ್ನು ನೋಡಿದಳು. ಬಣ್ಣದವನು ಅಂತ ನೋಡಿ ಮುಖ ತಿರುಗಿಸಿದಳು. "ತಡೀರಿ, ನನ್ ಮಗ ಕಂಪ್ನೀಲವ್ನೆ. ಅವ್ನು ಟೈಮ್ ಕೊಟ್ಟವ್ನೆ. ಕೇಳ್ತೀನಿ," ಅಂದಳು ಯಾರಿಗೆಂದಿಲ್ಲದೆ. ಸೀರೆಯ ಮಡಿಲಿನಿಂದ ಫೋನು ತೆಗೆದಳು. ದಿನಾ ಒತ್ತುವ ನಂಬರಾದರೂ ಈಗ ಗೋಡೆಯ ಮೂಲೆಗೆ ಕಣ್ಣಿಟ್ಟು, ಒಂದೊಂದೇ ಅಂಕಿ ನೋಡಿ ನೋಡಿ ಒತ್ತಿದಳು.

ಲಕ್ಷ್ಮಯ್ಯನ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಅವನು ಅಲ್ಲಾಡಲಿಲ್ಲ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮುದುಕಿ ಕಿವಿಯಲ್ಲಿ ಫೋನಿಟ್ಟುಕೊಂಡೇ ಅವನ ಜೇಬು ನೋಡಿದಳು. ಗೋಡೆ ನೋಡಿದಳು. ಸೋರುವ ಡಬ್ಬಿಯ ಹಸಿ ಕೆಂಪು ಹತ್ತಿದ ಅವನ ಕೈ ನೋಡಿದಳು. ಒತ್ತಿ ನಿಲ್ಲಿಸಿದಳು. ಅವನ ಜೇಬೂ ನಿಂತಿತು.

"ನೀನಾ?" ಅಂದಳು.

"ನಾನೇ ಕಣವ್ವ."

"ನಿಂದಲ್ವಾ ಕಂಪ್ನಿ?"

"ಅಲ್ಲವ್ವ. ನಾನು ಗೋಡೆಗೆ ಬರ್ಯೋನು. ನಿಮ್ ಗೋಡೆಗೂ ನಾನೇ ಬರ್ದಿದ್ದು."

ಅವಳಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಬೈಯುತ್ತಾಳೆ ಅಂದುಕೊಂಡ. ಮಣ್ಣು ತೂರಲಿ ಅಂತ ಕಾದ. ಅವಳು ತೂರಲಿಲ್ಲ.

"ಮತ್ತೆ," ಅಂದಳು, "ನಿನ್ ತಾವ ಇಲ್ದೇ ಇರೋ ಟೈಮ್ನ ನಂಗ್ಯಾಕ್ ಕೊಟ್ಟೆ ಮಗಾ?"

ಲಕ್ಷ್ಮಯ್ಯನ ಕಣ್ಣಲ್ಲಿ ನೀರು ಬಂತು. ಆ ನೀರಿಗೂ ನಾಚಿಕೆಯಾಗಬೇಕು ಅನ್ನಿಸಿತು.

ಮುದುಕಿ ಅವನನ್ನು ಬಿಟ್ಟು ಎದ್ದಳು. ಮಹೇಂದ್ರನ ಬೈಕಿನ ಹತ್ತಿರ ಹೋದಳು. ಮನೆ ಕೇಳಲಿಲ್ಲ. ಪಾತ್ರೆ ಕೇಳಲಿಲ್ಲ. "ಬುದ್ಧಿ, ಒಳಗೆ ನನ್ ಮಗ್ಳ ಫೋಟ ಐತೆ. ಒಂದ್ಗಳಿಗೆ ಬಾಗ್ಲು ತಗ್ದು ಕೊಟ್ಬುಡಿ. ನಂತಾವ ಇನ್ನೊಂದಿಲ್ಲ," ಅಂದಳು.

"ಸೀಲ್ ಆಗೋಗೈತೆ. ಈಗ ತೆಗ್ಯಾಕ್ ಆಗಲ್ಲ," ಅಂದ ಮಹೇಂದ್ರ, ಮೊಬೈಲಿನಿಂದ ಕಣ್ಣು ತೆಗೆಯದೆ. "ಆಫೀಸಿಗೆ ಬಂದು ಅರ್ಜಿ ಕೊಡು."

"ಫೋಟ ಬುದ್ಧಿ. ನಿಮ್ಗೆ ಅದ್ರಿಂದ ಏನ್ ಬತ್ತದೆ?"

"ಒಳ್ಗಿರೋದೆಲ್ಲ ಕಂಪ್ನಿ ವಶ ಅಂದ್ರೆ ವಶ ಕಣಮ್ಮೋ. ಏನ್ಲಾ ಲಕ್ಷ್ಮಯ್ಯ ನೋಡ್ತಾ ನಿಂತಿದ್ದೀಯಾ? ಹತ್ತು ಏಣಿ. ಬರಿ."

ಲಕ್ಷ್ಮಯ್ಯ ಡಬ್ಬಿಯನ್ನು ನೆಲದ ಮೇಲಿಟ್ಟ.

"ಬರಿಯಾಕಿಲ್ಲ."

"ಏನಂದೆ?"

"ಬರಿಯಾಕಿಲ್ಲ ಕಣ್ಲಾ."

ಮಹೇಂದ್ರನ ಮುಖಕ್ಕೆ ರಕ್ತ ಏರಿತು. "ನಂಗೇ ಲಾ ಅಂತೀಯೇನೋ? ನಿನ್ ಮನೆ ನನ್ ಕೈಲೈತೆ, ಗೊತ್ತಾ?"

"ಗೊತ್ತು," ಅಂದ ಲಕ್ಷ್ಮಯ್ಯ. "ಅದ್ಕೂ ಬೀಗ ಹಾಕ್ಕೋ ಓಗು."

ಎತ್ತರದ ಗೋಡೆಗೆ ಬಣ್ಣ ಬಳಿಯಲು ಅವನ ಹತ್ತಿರ ಉದ್ದನೆಯ ಬಿದಿರು ಕೋಲಿತ್ತು. ಅದರ ತುದಿಗೆ ಬ್ರಶ್ಶು ಕಟ್ಟುವ ತಂತಿ. ಆ ತಂತಿಯನ್ನು ಬಗ್ಗಿಸಿ ಕೊಕ್ಕೆ ಮಾಡಿದ. ಕಿಟಕಿಯ ಬಾಗಿಲನ್ನು ದೂಡಿದ. ಚಿಲಕ ಮುರಿದದ್ದು ಅವನಿಗೆ ಗೊತ್ತಿತ್ತು. ಗ್ರಿಲ್ಲಿನ ಸಂದಿಯಿಂದ ಕೋಲು ತೂರಿಸಿ, ಕತ್ತಲಲ್ಲಿ ಎದುರು ಗೋಡೆಯವರೆಗೆ ಚಾಚಿ, ಫೋಟೊದ ದಾರಕ್ಕೆ ಸಿಕ್ಕಿಸಿದ. ಫೋಟೊ ಮೊಳೆಯಿಂದ ಬಿಡಿಸಿಕೊಂಡು ಕೋಲಿನ ಗುಂಟ ನಿಧಾನ ಜಾರಿ ಬಂತು.

"ಕಳ್ತನ! ವಿಡಿಯೊ ಮಾಡ್ತಿದ್ದೀನಿ. ಕೇಸ್ ಹಾಕ್ತೀನಿ!" ಮಹೇಂದ್ರ ಕೂಗುತ್ತಿದ್ದ. ಲಕ್ಷ್ಮಯ್ಯನ ಹಿಂದೆ ಹೆಂಗಸರು ಬಂದು ನಿಂತಿದ್ದರು. ಮಹೇಂದ್ರ ಅವರನ್ನು ದಾಟಿ ಬರಲಿಲ್ಲ.

ಫ್ರೇಮು ಹೂವಿನ ಗ್ರಿಲ್ಲಿನಲ್ಲಿ ಹಿಡಿಸಲಿಲ್ಲ. ಅಡ್ಡ ಹಿಡಿದರೂ ಬರಲಿಲ್ಲ, ಓರೆ ಹಿಡಿದರೂ ಬರಲಿಲ್ಲ. ಆ ಗ್ರಿಲ್ಲನ್ನು ಜ್ಯೋತಿಲಕ್ಷ್ಮಿಯೇ ಅಂಗಡಿ ಅಂಗಡಿ ತಿರುಗಿ ಆರಿಸಿ ತಂದದ್ದಂತೆ. ದೊಡ್ಡಲಕ್ಷ್ಮಮ್ಮ ಬಿರಿದ ಬೆರಳುಗಳನ್ನು ಒಳಗೆ ತೂರಿಸಿ ಫ್ರೇಮನ್ನು ಹಿಡಿದುಕೊಂಡಳು. ಲಕ್ಷ್ಮಯ್ಯ ಹಿಂದಿನ ರಟ್ಟನ್ನು ಹರಿದ. ಗಾಜು ಒಳಗೆ ಬಿದ್ದು ಒಡೆಯಿತು. ಫೋಟೊ ಒಂದನ್ನೇ ಸುರುಳಿ ಸುತ್ತಿ ಹೊರಗೆ ಎಳೆದ. ಅವಳ ಕೈಗೆ ಕೊಟ್ಟ.

ಅವಳು ಬಿಡಿಸಿ ನೋಡಿದಳು. ಮಗಳು ನಗುತ್ತಿದ್ದಳು. ಕೆನ್ನೆಯ ಮೇಲೆ ಕೆಂಪಗೆ ಲಕ್ಷ್ಮಯ್ಯನ ಹೆಬ್ಬೆಟ್ಟು ಹತ್ತಿತ್ತು. ಕಂಪನಿಯ ಕೆಂಪು. ಅವಳು ಸೆರಗಿನಿಂದ ಒರೆಸಿದಳು. ಎಂಜಲು ಹಚ್ಚಿ ಒರೆಸಿದಳು. ಇನಾಮಲ್ ಬಣ್ಣ ಬಿಡುವುದಿಲ್ಲ. ಇನ್ನಷ್ಟು ಹರಡಿತು.

"ಟರ್ಪೆಂಟೈನ್ ಹಾಕಿದ್ರೆ..." ಅಂದ ಲಕ್ಷ್ಮಯ್ಯ. ಹಾಕಿದರೆ ಮುಖವೇ ಹೋಗುತ್ತದೆ ಅಂತ ನೆನಪಾಗಿ ಬಾಯಿ ಮುಚ್ಚಿದ.

ಅವಳು ಫೋಟೊವನ್ನು ಸೆರಗಿನೊಳಗೆ ಸುತ್ತಿಕೊಂಡಳು. ಬುತ್ತಿ ಎತ್ತಿಕೊಂಡು, ರಂಗೋಲಿ ದಾಟಿ, ಹಳ್ಳದ ಕಡೆಗೆ ನಡೆದಳು. ಅವನ ಕಡೆ ತಿರುಗಲಿಲ್ಲ.

ಲಕ್ಷ್ಮಯ್ಯ ಕೆಂಪು ಡಬ್ಬಿಯೊಳಗೆ ಬರಿಗೈ ಅದ್ದಿ, ತಾನು ಬರೆದದ್ದರ ಮೇಲೆಲ್ಲ ಬಳಿದ. ಬ್ರಶ್ಶು ಮುಟ್ಟಲಿಲ್ಲ. ಅಡಮಾನ ಹೋಯಿತು, ಸಾಲಗಾರರು ಹೋಯಿತು, ಕೊಳ್ಳಬಾರದು ಹೋಯಿತು. ಕೆಳಮೂಲೆಯ ತನ್ನ ಹೆಸರು, ನಂಬರು ಮಾತ್ರ ಹಾಗೇ ಬಿಟ್ಟ. ಮಾಡಿದ್ದು ಯಾರು ಅಂತ ಕಾಣಲಿ. ಅಷ್ಟರಲ್ಲಿ ಪೊಲೀಸರು ಬಂದರು. ಸಂಜೆವರೆಗೆ ಸ್ಟೇಷನ್ನಿನ ನೆಲದ ಮೇಲೆ ಕೂರಿಸಿದರು. ಕದ್ದದ್ದು ಏನು ಅಂತ ಕೇಳಿದರು. ಸತ್ತ ಹುಡುಗಿಯ ಫೋಟೊ ಅಂದ. ಒಬ್ಬ ಪೇದೆ ತಲೆ ತಗ್ಗಿಸಿದ. ಉಳಿದವರು ಬರೆದುಕೊಂಡರು.

ಅವನ ಮನೆಯ ಗೋಡೆಗೆ ಬರೆಯಲು ಕಂಪನಿಯವರು ಹೊಸಬನನ್ನು ಕಳಿಸಿದರು. ಅವನಿಗೆ ಬರವಣಿಗೆ ಬರುವುದಿಲ್ಲ. ರಟ್ಟಿನಲ್ಲಿ ಕೊರೆದ ಅಚ್ಚು ಇಟ್ಟು ಸ್ಪ್ರೇ ಹೊಡೆಯುತ್ತಾನೆ. ಲಕ್ಷ್ಮಯ್ಯ, ಸಾಕಮ್ಮ ಇಬ್ಬರೂ ಮನೆಯಲ್ಲೇ ಇದ್ದರು. ಖಾಲಿ ಹೊತ್ತು ಸಿಗಲಿಲ್ಲ ಅಂತ ಕಂಪನಿ ಈ ಸಲ ತನ್ನ ಕಾನೂನನ್ನೇ ಮುರಿಯಿತು. ಸಾಕಮ್ಮ ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅವನನ್ನು ಬೈಯಲಿಲ್ಲ.

ಅವರು ಹೋದ ಮೇಲೆ ಲಕ್ಷ್ಮಯ್ಯ ಗೋಡೆ ನೋಡಿದ. ಸಾಲು ಓರೆಯಾಗಿತ್ತು. ಬಣ್ಣ ಸೋರಿತ್ತು. ಕೆಳಗೆ ಯಾರ ಹೆಸರೂ ಇರಲಿಲ್ಲ. ಒಳಗೆ ಹೋಗಿ ಸಣ್ಣ ಬ್ರಶ್ಶು ತಂದ. ಬಲಗಡೆ ಕೆಳಮೂಲೆಯಲ್ಲಿ ತನ್ನ ಹೆಸರು ಬರೆದ. ನಂಬರು ಬರೆದ.

"ಅದನ್ಯಾಕ್ ಬರಿತೀಯಯ್ಯ?" ಅಂದಳು ಸಾಕಮ್ಮ.

"ಕೂಗೋರು ಕೂಗ್ಲಿ," ಅಂದ.

ಈಗ ನಾಲ್ಕು ತಾಲೂಕಿನ ಗೋಡೆಗಳಿಂದ ಫೋನು ಬರುತ್ತದೆ. ಲಕ್ಷ್ಮಯ್ಯ ಎತ್ತುತ್ತಾನೆ. ರಾಂಗ್ ನಂಬರ್ ಅನ್ನುವುದಿಲ್ಲ. "ನಾನು ಕಂಪ್ನಿಯೋನಲ್ಲ. ನಿಮ್ ಗೋಡೆಗೆ ಬರ್ದೋನು. ನನ್ ತಾವ ಟೈಮಿಲ್ಲ. ಬೀಗ ಹಾಕಾಕ್ ಬಂದ್ರೆ ಕೂಗಿ, ಬಂದ್ ನಿಂತ್ಕತೀನಿ," ಅನ್ನುತ್ತಾನೆ. ಕೆಲವರು ಬಾಯಿಗೆ ಬಂದಂತೆ ಬೈಯುತ್ತಾರೆ. ಪೂರ್ತಿ ಕೇಳಿಸಿಕೊಳ್ಳುತ್ತಾನೆ. ಕೆಲವರು ನಿಜವಾಗಿ ಕೂಗುತ್ತಾರೆ. ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾನೆ. ಎರಡು ಕಡೆ ಹೊಡೆಸಿಕೊಂಡಿದ್ದಾನೆ. ಒಂದು ಕಡೆ ಬೀಗ ಬೀಳಲಿಲ್ಲ.

ದೊಡ್ಡಲಕ್ಷ್ಮಮ್ಮ ವಾಸಿಮನ ಶೆಡ್ಡಿನಲ್ಲಿ, ಗೂಡು ಬೇಯಿಸುವ ಒಲೆಯ ಪಕ್ಕ ಮಲಗುತ್ತಾಳಂತೆ. ಲಕ್ಷ್ಮಯ್ಯ ಒಂದು ಸಲ ಅಲ್ಲಿಯವರೆಗೆ ಹೋಗಿ, ಬಾಗಿಲಲ್ಲಿ ನಿಂತು ಬಂದ. ಆವಿಯ ನಡುವೆ ಅವಳ ಬೆನ್ನು ಕಂಡಿತು.

ಮಧ್ಯಾಹ್ನ ಸಾಕಮ್ಮ ತಟ್ಟೆ ತಂದಿಡುತ್ತಾಳೆ. ಅವನು ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಕೂರುತ್ತಾನೆ. ಹಸಿರು ಗೋಡೆಯಿಂದ ಫೋನು ಬರುವುದಿಲ್ಲ. ಮುದ್ದೆ ಆರಿ ಗಟ್ಟಿಯಾದ ಮೇಲೆ ಮುರಿಯುತ್ತಾನೆ.